‘ಮಾಡುತ್ತಿದ್ದೆ’ ಎಂದಾಗಲೆಲ್ಲ ಇಂಪೆರ್ಫೆಕ್ಟೊ ಬರುವುದಿಲ್ಲ

ಸ್ಪ್ಯಾನಿಷ್ ಕಲಿಯುವವರ ಪ್ರಶ್ನೆಗಳಿಗೆ ಉತ್ತರ (ಇಂಪೆರ್ಫೆಕ್ಟೊ, ಇಂದೆಫಿನಿದೊ: ಸ್ಪ್ಯಾನಿಷ್‌ನ ಎರಡು ಭೂತಕಾಲ ರೂಪಗಳು)

‘5 ವರ್ಷ ಪುಣೆಯಲ್ಲಿ ಕೆಲಸ ಮಾಡುತ್ತಿದ್ದೆ’ ಎನ್ನಲು ‘ತ್ರಬಹಾಬ ಸಿಂಕೊ ಆನ್ಯೋಸ್ ಎನ್ ಪೂನೆ’ ಎಂದು ಬರೆದೆ. ಪ್ರತ್ಯಯ ಸರಿಯಿದ್ದರೂ ನಮ್ಮ ಮೇಡಂ ತಪ್ಪು ಹಾಕಿದ್ದಾರೆ. ಬಹಳ ಕಾಲ ನಡೆದದ್ದಕ್ಕೆ ಇಂಪೆರ್ಫೆಕ್ಟೊ ತಾನೆ? – ಓದುಗರು, ಬೆಂಗಳೂರು

ಅಲ್ಲ. ನಿಮ್ಮ ಮೇಡಂ ಹಾಕಿದ್ದು ಸರಿ. ‘ಉದ್ದದ ಕೆಲಸಕ್ಕೆ ಇಂಪೆರ್ಫೆಕ್ಟೊ, ಚಿಕ್ಕದಕ್ಕೆ ಇಂದೆಫಿನಿದೊ’ ಎಂಬ ಸೂತ್ರವನ್ನು ಯಾರು ಹುಟ್ಟುಹಾಕಿದರೋ, ಅದನ್ನು ತಿದ್ದುವುದೇ ನನ್ನ ಕೆಲಸವಾಗಿದೆ. ಫ್ರಾಂಕೊ 1939ರಿಂದ 1975ರವರೆಗೆ ಸ್ಪೇನನ್ನು ಆಳಿದ. ಅಷ್ಟು ವರ್ಷ ಆಳಿದರೂ ಈ ವಾಕ್ಯದಲ್ಲಿ ಬರುವುದು ಇಂದೆಫಿನಿದೊದ ‘ಗೊಬೆರ್ನೊ’, ಇಂಪೆರ್ಫೆಕ್ಟೊದ ‘ಗೊಬೆರ್ನಾಬ’ ಅಲ್ಲ.

ನೋಡಬೇಕಾದ್ದು ಒಂದೇ: ವಾಕ್ಯ ಆ ಕೆಲಸವನ್ನು ಮುಗಿಸಿ ಲೆಕ್ಕ ಕೊಡುತ್ತಿದೆಯೋ, ಅದರ ನಡುವೆ ನಿಂತು ಮಾತಾಡುತ್ತಿದೆಯೋ? ‘5 ವರ್ಷ’ ಎಂದ ಕೂಡಲೇ ಲೆಕ್ಕ ಚುಕ್ತಾ. ಹಾಗಾಗಿ ‘ತ್ರಬಹೆ ಸಿಂಕೊ ಆನ್ಯೋಸ್’. ‘ಪುಣೆಯಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಗಂಡನ ಪರಿಚಯವಾಯಿತು’ ಎನ್ನುವಾಗ ಮಾತ್ರ ‘ತ್ರಬಹಾಬ ಎನ್ ಪೂನೆ ಕ್ವಾಂದೊ ಕೊನೊಸೀ ಅ ಮಿ ಮರೀದೊ’. ಪರಿಚಯವಾದ ಹೊತ್ತಿಗೆ ಕೆಲಸ ಇನ್ನೂ ನಡೆಯುತ್ತಿತ್ತು. ‘ಆಗಲೇ ಅಲ್ಲಿ 5 ವರ್ಷವಾಗಿತ್ತು, ಇನ್ನೂ ಅಲ್ಲೇ ಇದ್ದೆ’ ಎಂಬ ಅರ್ಥವಿದ್ದರೆ ‘ಅಸೀಯ ಸಿಂಕೊ ಆನ್ಯೋಸ್ ಕೆ ತ್ರಬಹಾಬ’ ಎಂದೂ ಹೇಳಬಹುದು. 5 ವರ್ಷ ಇಲ್ಲೂ ಇದೆ, ಆದರೆ ಲೆಕ್ಕ ಮುಗಿದಿಲ್ಲ.

ಕನ್ನಡಿಗರನ್ನು ಇಲ್ಲಿ ಕೆಡವುವುದು ನಮ್ಮ ‘-ಉತ್ತಿದ್ದೆ’. ‘5 ವರ್ಷ ಮಾಡುತ್ತಿದ್ದೆ’ ನಮಗೆ ಸಹಜ, ಅದನ್ನೇ ಎತ್ತಿ ಅಲ್ಲಿಡುತ್ತೇವೆ. ಉಲ್ಟಾ ತಪ್ಪೂ ಆಗುತ್ತದೆ. ‘ಅಜ್ಜಿ ಎತ್ತರ ಇದ್ದರು’, ‘ನನಗಾಗ 10 ವರ್ಷ’, ‘ಗಂಟೆ 8 ಆಗಿತ್ತು’: ಇಲ್ಲೆಲ್ಲೂ ‘-ಉತ್ತಿದ್ದ’ ಇಲ್ಲ. ಸ್ಪ್ಯಾನಿಷ್‌ನಲ್ಲಿ ಮೂರೂ ಇಂಪೆರ್ಫೆಕ್ಟೊ: ‘ಎರ ಆಲ್ತ’, ‘ತೆನೀಯ ದಿಯೆಸ್ ಆನ್ಯೋಸ್’, ‘ಎರನ್ ಲಾಸ್ ಓಚೊ’. ಕನ್ನಡದಲ್ಲಿ ಯೋಚಿಸುವುದು ತಪ್ಪಲ್ಲ, ಕ್ರಿಯಾಪದದ ಬಾಲ ನೋಡಿ ಭಾಷಾಂತರ ಮಾಡುವುದು ತಪ್ಪು.

‘ಅಬ’, ‘ಈಯ’ ಪ್ರತ್ಯಯಗಳ ಕೋಷ್ಟಕ ಇಲ್ಲಿ ಕೊಡುವುದಿಲ್ಲ, ಯಾವ ಪುಸ್ತಕ ತೆರೆದರೂ ಸಿಗುತ್ತದೆ.

ಇಂಪೆರ್ಫೆಕ್ಟೊದಲ್ಲಿ ನಿಯಮ ತಪ್ಪಿ ನಡೆಯುವ ಕ್ರಿಯಾಪದಗಳ ಪೂರ್ತಿ ಪಟ್ಟಿ ಕಳಿಸಿ.

ಸೆರ್ (ಇರು), ಇರ್ (ಹೋಗು), ಬೆರ್ (ನೋಡು). ಎರ, ಇಬ, ಬೆಈಯ. ಪಟ್ಟಿ ಮುಗಿಯಿತು.

‘ಸಿಯೆಂಪ್ರೆ’ (ಯಾವಾಗಲೂ) ಕಂಡರೆ ಕಣ್ಣು ಮುಚ್ಚಿ ಇಂಪೆರ್ಫೆಕ್ಟೊ ಹಾಕಿ ಎಂದು ರೀಲ್ಸ್‌ನಲ್ಲಿ ಹೇಳಿದ್ದಾರೆ.

ಕಣ್ಣು ತೆರೆದು ಹಾಕಿ. ‘ಸಿಯೆಂಪ್ರೆ ಕೀಸೆ ಸೆರ್ ಮೆದಿಕೊ’, ಅಂದರೆ ‘ನನಗೆ ಮೊದಲಿಂದಲೂ ವೈದ್ಯನಾಗುವ ಆಸೆ’, ಅಪ್ಪಟ ಸ್ಪ್ಯಾನಿಷ್. ಅದರಲ್ಲಿರುವುದು ಇಂದೆಫಿನಿದೊ. ಇಂಥ ‘ಮಾಂತ್ರಿಕ ಪದ’ಗಳ ಪಟ್ಟಿ ಮಾರುವವರಿಂದ ದೂರವಿರಿ. ಬಿಟ್ಟ ಸ್ಥಳ ತುಂಬುವಾಗ ಅದು ಅರ್ಧ ದಾರಿ ಬರುತ್ತದೆ, ಬಾಯಿಬಿಟ್ಟು ಮಾತಾಡುವಾಗ ಕೈಕೊಡುತ್ತದೆ.

ಅಂಗಡಿಯಲ್ಲಿ ‘ಕೆರೀಯ ಉನ್ ಕಫೆ’ ಎಂದರೆ ‘ಕಾಫಿ ಬೇಕಾಗಿತ್ತು, ಈಗ ಬೇಡ’ ಎಂದಾಗುವುದಿಲ್ಲವೇ?

‘ಸಾರ್, ಒಂದು ವಿಷಯ ಕೇಳಬೇಕಿತ್ತು’ ಎಂದು ನೀವು ಬಾಗಿಲಲ್ಲಿ ನಿಂತಾಗ ‘ಈಗ ಬೇಡವಾ’ ಎಂದು ಯಾರಾದರೂ ಕಳಿಸಿಬಿಡುತ್ತಾರೆಯೇ? ಅದೇ ವಿನಯ ಇದು. ಧೈರ್ಯವಾಗಿ ಕಾಫಿ ಕೇಳಿ.

ಮೆಕ್ಸಿಕೋದ ಪುಸ್ತಕದಲ್ಲಿ ‘ಕೊಪ್ರೆತೆರಿತೊ’ ಅಂತಿದೆ. ಇದನ್ನೂ ಬೇರೆಯಾಗಿ ಕಲಿಯಬೇಕೇ?

ಬೇಡ, ಅದೇ ಕಾಲ. ವ್ಯಾಕರಣಕಾರ ಅಂದ್ರೆಸ್ ಬೆಲ್ಯೊ 1847ರ ತನ್ನ ವ್ಯಾಕರಣದಲ್ಲಿ ಬಳಸಿದ ಹೆಸರು.

‘ಅಬ್ಲಾಬ’ ಎಂದರೆ ‘ನಾನು’ ಅಂತಲೋ ‘ಅವಳು’ ಅಂತಲೋ?

ಎರಡೂ: ‘ಮಾತಾಡುತ್ತಿದ್ದೆ’, ‘ಮಾತಾಡುತ್ತಿದ್ದಳು’. ಗೊಂದಲವಾಗುವ ಕಡೆ ‘ಯೊ’ (ನಾನು), ‘ಎಯ’ (ಅವಳು) ಸೇರಿಸಿ, ಸ್ಪ್ಯಾನಿಷ್ ಮಾತಾಡುವವರೂ ಹಾಗೇ ಮಾಡುತ್ತಾರೆ.

ಕಿವಿಗೆ ‘ವ’ ಕೇಳುತ್ತದೆ. ಹಾಗಾದರೆ ‘ಅಬ್ಲಾಬ’ದ ಕೊನೆಯಲ್ಲಿ ವಿ ಅಕ್ಷರ ಬರೆಯಲೇ?

ಬೇಡ, ಬಿ. ಎರಡು ಸ್ವರಗಳ ನಡುವೆ ಸ್ಪ್ಯಾನಿಷ್ ‘ಬ’ಗೆ ತುಟಿ ಪೂರ್ತಿ ಮುಚ್ಚುವುದಿಲ್ಲ, ಅದಕ್ಕೆ ಹಾಗೆ ಕೇಳುತ್ತದೆ.

15 ದಿನದಲ್ಲಿ ಎಲ್ಲ ಕಾಲಗಳನ್ನೂ ಕಲಿಸುತ್ತೇವೆ ಎನ್ನುವ ಕೋರ್ಸಿಗೆ ದುಡ್ಡು ಕಟ್ಟಬಹುದೇ?

ಕಟ್ಟಬೇಡಿ.