ಸ್ಲೈಡಿಂಗ್ ಬಾಗಿಲು ಬದಲಿಸುವವರು ಟ್ರ್ಯಾಕಿಗೆ ಒಂದು ಮಗ್ಗು ನೀರು ಹಾಕಿ ನೋಡಿ

ಸಾರ್, ಫೋಟೊ ನೋಡಿದೆ. ಬಾಲ್ಕನಿಯ ಹಳೆ ಅಲ್ಯೂಮಿನಿಯಂ ಸ್ಲೈಡಿಂಗ್ ಬಾಗಿಲಿನ ಜಾಗಕ್ಕೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಫ್ರೇಮಿನ ಬಾಗಿಲು, ಹಾಕಿಸುತ್ತಿದ್ದೀರಿ. ಹಳೆ ಫ್ರೇಮ್ ಬಿಚ್ಚುವುದು ಬೇಡ, ಅದರೊಳಗೇ ಹೊಸದು ಕೂರಿಸಿ ಸುತ್ತ ಸಿಲಿಕಾನ್ ಹೊಡೆದರೆ ಸಾಕು ಅಂತ ಫಿಟ್ಟರ್ ಹೇಳಿದ್ದಾನೆ. ಬೇಡ ಮಾರಾಯ್ರೆ! ಇದೇ ಮಾತು ನಂಬಿ ನಾವು ಒಂದಿಡೀ ಮಳೆಗಾಲ ಮನೆಯ ಹಾಲ್‌ನಲ್ಲಿ ಗೋಣಿಚೀಲ ಹಾಸಿದ್ದೇವೆ.

ಮಂಗಳೂರಿನ ಗಾಳಿಮಳೆಗೆ ಸ್ಲೈಡಿಂಗ್ ಬಾಗಿಲು ಪೂರ್ತಿ ನೀರು ತಡೆಯುತ್ತದೆ ಅನ್ನುವುದು ಸುಳ್ಳು. ಶಟರ್ (ಗಾಜಿನ ಜಾರುವ ಭಾಗ) ಜಾರಬೇಕಾದರೆ ಸಂದು ಇರಲೇಬೇಕು, ಟ್ರ್ಯಾಕಿಗೆ ನೀರು ಬಂದೇ ಬರುತ್ತದೆ. ಅದು ಹೊರಗೆ ಹೋಗಲಿಕ್ಕೇ ಫ್ರೇಮಿನ ಹೊರಮುಖದಲ್ಲಿ ವೀಪ್ ಹೋಲ್ ಇಟ್ಟಿರುತ್ತಾರೆ. ಹಳೆ ಫ್ರೇಮ್ ಅಲ್ಲೇ ಬಿಟ್ಟರೆ ಅದರ ಅಂಚು ಈ ತೂತುಗಳಿಗೆ ಅಡ್ಡ ನಿಲ್ಲುತ್ತದೆ. ಮೇಲಿಂದ ಸಿಲಿಕಾನ್ ಬೇರೆ. ಆಮೇಲೆ ನೀರಿಗೆ ಉಳಿಯುವ ದಾರಿ ನಿಮ್ಮ ಹಾಲ್ ಒಂದೇ.

ಹಳೆಯದನ್ನು ಪೂರ್ತಿ ಕಿತ್ತು ಹಾಕಿಸಿ. ಟೈಲ್ಸ್ ಒಡೆಯುತ್ತದೆ ಅಂತ ಹೆದರಿಸುತ್ತಾರೆ. ಫ್ರೇಮನ್ನು ಮಧ್ಯಕ್ಕೆ ಕತ್ತರಿಸಿ ಬಾಗಿಲ ಜಾಗದ ನಡುವಿಗೆ ಎಳೆದರೆ ಅಂಚು ಅಷ್ಟೇನೂ ಹಾಳಾಗುವುದಿಲ್ಲ, ಸ್ವಲ್ಪ ಗಾರೆ ಕೆಲಸ ಬರುತ್ತದೆ ಅಷ್ಟೇ. ಕಿತ್ತ ಮೇಲೆ ಕೆಳಗಿನ ಗ್ರಾನೈಟ್ ಮೇಲೆ ನೀರು ಚೆಲ್ಲಿ ನೋಡಿ. ಫ್ರೇಮ್ ಕೂರುವ ಜಾಗ ಮಟ್ಟಸವಾಗಿರಬೇಕು, ಅದರಿಂದ ಹೊರಗಿನ ಭಾಗ ಬಾಲ್ಕನಿ ಕಡೆಗೆ ಇಳಿಜಾರಿರಬೇಕು. ನೀರು ಒಳಗೆ ಹರಿದರೆ ಮೊದಲು ಮೇಸ್ತ್ರಿಯಿಂದ ಇಳಿಜಾರು ಸರಿಮಾಡಿಸಿ, ಆಮೇಲೆ ಫಿಟ್ಟರನ್ನು ಕರೆಯಿರಿ.

ಫ್ರೇಮ್ ಕೂರಿಸಿ, ಶಟರ್ ಹಾಕುವ ಮೊದಲು ನನ್ನ ಪರೀಕ್ಷೆ ಮಾಡಿ. ಒಳಗಡೆ ನೆಲದಲ್ಲಿ ಫ್ರೇಮಿಗೆ ತಾಗುವ ಹಾಗೆ ಹಳೆ ಪೇಪರ್ ಉದ್ದಕ್ಕೆ ಹಾಸಿ. ಟ್ರ್ಯಾಕಿಗೆ ಒಂದು ಮಗ್ಗು ನೀರು ನಿಧಾನಕ್ಕೆ ಸುರಿಯಿರಿ. ಹೊರಗಿನ ತೂತುಗಳಿಂದ ತಕ್ಷಣ ನೀರು ಇಳಿಯಬೇಕು. ಅರ್ಧ ಗಂಟೆ ಬಿಟ್ಟು ಪೇಪರ್ ಎತ್ತಿ. ಎಲ್ಲಾದರೂ ಒದ್ದೆಯಾಗಿದ್ದರೆ ಅದರ ನೇರಕ್ಕೆ ಟ್ರ್ಯಾಕಿನಲ್ಲಿ ಸ್ಕ್ರೂ ಇದೆಯಾ ನೋಡಿ, ಹೆಚ್ಚಾಗಿ ಅಲ್ಲೇ ಇರುತ್ತದೆ. ಕೆಳ ಟ್ರ್ಯಾಕಿಗೆ ಸ್ಕ್ರೂ ಹೊಡೆಯಲೇಬೇಕು ಅಂತಿದ್ದರೆ ತೂತಿನೊಳಗೆ ಸಿಲಿಕಾನ್ ತುಂಬಿ ಆಮೇಲೆ ಬಿಗಿಯಬೇಕು. ತಲೆ ಮೇಲೆ ಸವರಿದರೆ ಆಗಲ್ಲ. ಪೂರ್ತಿ ದುಡ್ಡು ಈ ಪರೀಕ್ಷೆ ಆಗದೆ ಕೊಡಬೇಡಿ.

ಸಿಲಿಕಾನ್ ನ್ಯೂಟ್ರಲ್ ಇರಲಿ. ವಿನೆಗರ್ ವಾಸನೆ ಬರುವುದು ಗ್ರಾನೈಟಿಗೆ ಕಲೆ ಬಿಡುತ್ತದೆ. ಕಂಪೆನಿಗಳಲ್ಲಿ ಡೌಸಿಲ್, ವ್ಯಾಕರ್ ಎರಡೂ ಪರವಾಗಿಲ್ಲ. ನ್ಯೂಟ್ರಲ್ ಹೌದಾ ಅಂತ ಟ್ಯೂಬಿನ ಮೇಲೆ ನೀವೇ ಓದಿ, ಫಿಟ್ಟರ್ ಬಾಯಿಮಾತು ನಂಬಬೇಡಿ. ಗೋಡೆ ಸಂದಿಗೆ ಫೋಮ್ ಹೊಡೆದು ಹಾಗೇ ಬಿಟ್ಟು ಹೋಗುತ್ತಾರೆ, ಬಿಸಿಲಿಗೆ ಅದು ಪುಡಿಯಾಗುತ್ತದೆ. ಅದರ ಮೇಲೆ ಸಿಲಿಕಾನ್ ಬರಲೇಬೇಕು.

ಬಾಗಿಲು ಫೆನೆಸ್ಟಾದಂಥ ಬ್ರ್ಯಾಂಡಾ, ಲೋಕಲ್ಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರೊಫೈಲಿಗಿಂತ (ಫ್ರೇಮ್ ಮಾಡುವ ಯುಪಿವಿಸಿ ಪಟ್ಟಿ) ಫಿಟ್ಟಿಂಗ್ ಮುಖ್ಯ. ಆದರೆ ಲೋಕಲ್ ಆದರೆ ಒಳಗೆ ಬಲಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಹಾಕಿದ್ದಾರಾ ನೋಡಲೇಬೇಕು. ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ, ಎಳೆಯದಿದ್ದರೆ ಒಳಗೆ ಜಿಐ ಇಲ್ಲ ಅಂತ ಅನುಮಾನಪಡಿ. ಯುಪಿವಿಸಿಗೆ ಉಪ್ಪುಗಾಳಿ ಏನೂ ಮಾಡುವುದಿಲ್ಲ, ರೋಲರ್ ಮತ್ತು ಸ್ಕ್ರೂಗೆ ಮಾಡುತ್ತದೆ. ಸ್ಟೇನ್‌ಲೆಸ್ 304 ಕೇಳಿ, ಸಮುದ್ರ ಕಾಣುವಷ್ಟು ಹತ್ತಿರ ಇದ್ದರೆ 316.

ಗ್ಲಾಸ್ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆದರೆ ಮೂಲೆಯಲ್ಲಿ ಮುದ್ರೆ ಇರುತ್ತದೆ. ಒಮ್ಮೆ ಟಫನ್ ಆದ ಗ್ಲಾಸನ್ನು ಆಮೇಲೆ ಕತ್ತರಿಸಲಿಕ್ಕಾಗದು. ಆದ್ದರಿಂದ ಅಳತೆ ಬಾಗಿಲು ಮಾಡಿಕೊಡುವವರೇ ಬಂದು ತೆಗೆಯಲಿ. ಅಗಲ ಮೇಲೆ, ನಡುವೆ, ಕೆಳಗೆ ಮೂರೂ ಕಡೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ. ಅಳತೆ ನೀವು ಕೊಟ್ಟರೆ ತಪ್ಪೂ ನಿಮ್ಮದೇ ಆಗುತ್ತದೆ.

ಸೊಳ್ಳೆ ಮೆಶ್ ಬೇಕಾದರೆ ಈಗಲೇ ಮೂರು ಟ್ರ್ಯಾಕ್ ಹೇಳಿ, ಆಮೇಲೆ ಸೇರಿಸಲಿಕ್ಕೆ ಬರುವುದಿಲ್ಲ. ಫ್ಲ್ಯಾಟ್ ಆದರೆ ಬಣ್ಣಕ್ಕೆ ಅಸೋಸಿಯೇಷನ್ ಒಪ್ಪಿಗೆ ಕೇಳಿಡಿ. ಕೆಲಸ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಮಳೆಗಾಲದ ಮೊದಲಿನ ಗಡುವಿನ ದಿನ) ಮೊದಲೇ ಮುಗಿಯಲಿ. ಮಳೆ ಹಿಡಿದ ಮೇಲೆ ಒದ್ದೆ ಗೋಡೆಗೆ ಸಿಲಿಕಾನ್ ಕೂರುವುದಿಲ್ಲ. ಮತ್ತೆ ಹಳೆ ಅಲ್ಯೂಮಿನಿಯಂ ಸುಮ್ನೆ ಫಿಟ್ಟರಿಗೆ ಬಿಟ್ಟುಕೊಡಬೇಡಿ, ಗುಜರಿಯವರು ತೂಕಕ್ಕೆ ತಗೊಳ್ಳುತ್ತಾರೆ. ಅವನೇ ಒಯ್ಯುವುದಾದರೆ ಬಿಲ್ಲಿನಲ್ಲಿ ಅಷ್ಟು ಕಳೆಯಲಿ.