ಮುಖದ ಬಂಗಿಗೆ (ಮೆಲಾಸ್ಮಾ ಅನ್ನೋ ಕಂದು ಕಲೆಗೆ) ನಿಯಾಸಿನಮೈಡ್, ವಿಟಮಿನ್ ಸಿ, ಕೋಜಿಕ್ ಆಸಿಡ್: ಮೂರರಲ್ಲಿ ಯಾವುದು ಬೇಗ ಕೆಲಸ ಮಾಡುತ್ತದೆ?

ನೀವು ಮೂರು ಸೀರಮ್ ಹೆಸರು ಕೇಳಿದ್ದೀರಿ. ನನ್ನ ಕಣ್ಣು ನಿಂತದ್ದು ಮಾತ್ರ ನಿಮ್ಮ ಕೊನೆಯ ಸಾಲಿನ ಮೇಲೆ: "ಹೆರಿಗೆ ನಂತರ ಬಂದ ಬಂಗು, ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬಿನಿಂದ ತಿಳಿಯಾಗಿದೆ, ಅದರ ಜೊತೆ ಯಾವುದನ್ನು ಸೇರಿಸಲಿ?" ಮೊದಲು ಆ ಟ್ಯೂಬಿನ ವಿಷಯ ಮಾತಾಡೋಣ.

ನನಗೂ ಬಂಗು ಬಂದದ್ದು ಎರಡನೇ ಬಸುರಿನಲ್ಲಿ. ನಮ್ಮದು ಬಳ್ಳಾರಿ, ಬಿಸಿಲಿನ ಬಗ್ಗೆ ಹೇಳಬೇಕಿಲ್ಲ. ಹೆರಿಗೆ ಆದ ಮೇಲೆ ತಾನಾಗಿ ಹೋಗುತ್ತದೆ ಅಂದರು. ಕೆಲವರಿಗೆ ಹೋಗುವುದೂ ಉಂಟು, ನನಗೆ ಹೋಗಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಬಂದವರೆಲ್ಲ ಕೂಸಿಗಿಂತ ಮೊದಲು ನನ್ನ ಕೆನ್ನೆ ನೋಡಿದರು. ವಾರಗಿತ್ತಿ ಒಂದು ಕ್ರೀಮಿನ ಹೆಸರು ಹೇಳಿದಳು. ಅಂಗಡಿಯವನು ಚೀಟಿ ಕೇಳಲಿಲ್ಲ, "ರಾತ್ರಿ ಹಚ್ಚಿ ಮಲಗ್ರಿ ಅಕ್ಕಾ, ಎಲ್ಲಾರೂ ಇದನ್ನೇ ಒಯ್ತಾರ" ಅಂದ.

ಎರಡು ವಾರ ಕಳೆಯುವುದರೊಳಗೆ ಮುಖ ತಿಳಿಯಾಯಿತು. ನಾನು ಎಡವಿದ್ದು ಅಲ್ಲೇ. ಗುಣ ಕಂಡಿತಲ್ಲ, ಇನ್ನೇನು ನೋಡುವುದು ಅಂತ ಟ್ಯೂಬಿನ ಹಿಂಬದಿ ಓದಲೇ ಇಲ್ಲ. ಮುಗಿದ ಹಾಗೆ ಹೊಸದು ತರಿಸಿದೆ, ವರ್ಷ ದಾಟಿತು. ನಡುವೆ ಊರಿಗೆ ಹೋದಾಗ ಹಚ್ಚದೆ ಬಿಟ್ಟರೆ ಮುಖ ಕೆಂಪಗಾಗಿ ಉರಿಯುತ್ತಿತ್ತು, ಒಲೆ ಮುಂದೆ ರೊಟ್ಟಿ ಸುಡಲು ನಿಲ್ಲಲಾಗುತ್ತಿರಲಿಲ್ಲ. ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು. ನೋಡಿ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ: ಆ ಉರಿ ಬರುತ್ತಿದ್ದದ್ದೇ ಕ್ರೀಮಿನಿಂದ. ನಾನು ಅದನ್ನು ತಿರುಗಾಮುರುಗಾ ಅರ್ಥ ಮಾಡಿಕೊಂಡು, ನನ್ನ ಚರ್ಮಕ್ಕೆ ಈ ಕ್ರೀಮ್ ಬೇಕೇ ಬೇಕು ಅಂತ ನಂಬಿದ್ದೆ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಒಂದು ಬದಿಗೆ ಉದ್ದಕ್ಕೂ ಕೆಂಪು ಗೆರೆ, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧಿ ಅನ್ನೋದರ ಗುರುತು. ಸಣ್ಣ ಅಕ್ಷರದಲ್ಲಿ ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಎರಡನೆಯದು ಮೇಲ್ಪದರ ಬೇಗ ಉದುರುವಂತೆ ಮಾಡುತ್ತದೆ. ಇವೆರಡರ ಉರಿ ತಡೆಯಲು ಸೇರಿಸಿದ ಸ್ಟೀರಾಯ್ಡ್ ಮೂರನೆಯದು. ಈ ಬಗೆಯ ಮಿಶ್ರಣವನ್ನು ಅಮೆರಿಕದ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲೇ ಪ್ರಕಟಿಸಿದ್ದರು. ಔಷಧಿಯಾಗಿ ಕೆಟ್ಟದ್ದೇನಲ್ಲ, ಡಾಕ್ಟರ ಕಣ್ಣಳತೆಯಲ್ಲಿ ಕೆಲವು ವಾರ ಹಚ್ಚಿ ನಿಲ್ಲಿಸಬೇಕಾದ್ದು. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ಬಂಗಿಗಿಂತ ಗಾಢವಾದ, ಹೋಗದ ಕಪ್ಪು ಬರುವುದೂ ಇದೆ. 2018ರಲ್ಲಿ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳನ್ನು ಸರ್ಕಾರ ಡಾಕ್ಟರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಅಂಗಡಿಯಲ್ಲಿ ಸಿಗುತ್ತಿದೆ, ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಹಾಗಾಗಿ ನಿಮ್ಮ ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್, ಇದರಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಅದರ ಮೇಲೆ ಯಾವ ಸೀರಮ್ಮೂ ಸೇರಿಸಬೇಡಿ.

ಇನ್ನು ನೀವು ಕೇಳಿದ ಮೂರು. ಕೋಜಿಕ್ ಆಸಿಡ್ ಮತ್ತು ವಿಟಮಿನ್ ಸಿ ಬಣ್ಣ ತಯಾರಿಸುವ ಟೈರೋಸಿನೇಸ್ ಅನ್ನೋ ಕಿಣ್ವಕ್ಕೆ ಅಡ್ಡ ಬರುತ್ತವೆ. ನಿಯಾಸಿನಮೈಡ್ ತಯಾರಾದ ಬಣ್ಣ ಮೇಲಿನ ಜೀವಕೋಶಗಳಿಗೆ ಸಾಗುವುದನ್ನು ಕಡಿಮೆ ಮಾಡುತ್ತದೆ. ನಾನಾದರೆ ನಿಯಾಸಿನಮೈಡ್ ಆರಿಸುತ್ತೇನೆ, ಅದೂ 4–5% ಇರುವುದು, 10% ಬಾಟಲಿ ಬೇಕಾಗಿಲ್ಲ. ವಿಟಮಿನ್ ಸಿ ಗಾಳಿ, ಬೆಳಕು, ಸೆಖೆಗೆ ಕೆಡುತ್ತದೆ; ಕಂದು ಬಣ್ಣಕ್ಕೆ ತಿರುಗಿದ ಬಾಟಲಿಯನ್ನು ಎಸೆಯುವುದೇ ಸರಿ. ಕೋಜಿಕ್ ಕೆಲವರಿಗೆ ಕೆರೆತ ತರುತ್ತದೆ, ಅದರ ಸೋಪಂತೂ ಹಚ್ಚಿದ ಗಳಿಗೆಯಲ್ಲೇ ತೊಳೆದುಹೋಗುವುದರಿಂದ ದುಡ್ಡು ದಂಡ. ನೀವು ಕೇಳದ ಅಜೆಲೈಕ್ ಆಸಿಡ್ ಈ ಮೂರಕ್ಕಿಂತ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಬಸುರಿಯರಿಗೂ ಡಾಕ್ಟರು ಕೊಡುತ್ತಾರೆ.

ಆದರೆ 'ಬೇಗ' ಅನ್ನೋದನ್ನು ಬಿಟ್ಟುಬಿಡಿ. ಇವೆಲ್ಲ ತಿಂಗಳುಗಳ ಮಾತು. ಸನ್‌ಸ್ಕ್ರೀನ್ ಇಲ್ಲದೆ ಇವನ್ನು ಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು, ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಗಾಢವಾಗುತ್ತದೆ, ಆ ಬೆಳಕನ್ನು ಬಿಳಿ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ನನಗೆ ನಿಜವಾಗಿ ವ್ಯತ್ಯಾಸ ಕಂಡದ್ದು ಅದನ್ನು ಹಚ್ಚಲು ಶುರು ಮಾಡಿದ ಮೇಲೆ. ಪೂರ್ತಿ ಹೋಗಿಲ್ಲ, ಬೇಸಿಗೆಯಲ್ಲಿ ಸ್ವಲ್ಪ ಗಾಢವಾಗುತ್ತದೆ.

ಇದನ್ನೋದಿ ಗಾಬರಿಯಾಗಿ ಇವತ್ತೇ ಟ್ಯೂಬ್ ಎಸೆಯಬೇಡಿ. ಬಹಳ ದಿನ ಹಚ್ಚಿ ಒಮ್ಮೆಲೇ ಬಿಟ್ಟರೆ ಮುಖ ಕೆರಳುತ್ತದೆ, ಹೇಗೆ ಬಿಡಿಸಬೇಕು ಅಂತ ಚರ್ಮದ ಡಾಕ್ಟರು ಹೇಳಲಿ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಟ್ಯೂಬನ್ನು ಕೈಯಲ್ಲಿ ಒಯ್ಯಿರಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಅನ್ನೋದನ್ನು ಮುಚ್ಚಿಡಬೇಡಿ, ಕೂಸಿಗೆ ಹಾಲು ಕುಡಿಸುತ್ತಿದ್ದರೆ ಅದನ್ನೂ ಮೊದಲೇ ಹೇಳಿ.