ಡಿಪ್ಲೊಮಾ ಆದ್ಮೇಲೆ ಬಾಯ್ಲರ್, ಪವರ್ ಪ್ಲಾಂಟ್ ಲೈನ್‌ಗೆ ಹೋಗೋಕೆ ಯಾವ ಕೋರ್ಸ್ ಮಾಡ್ಬೇಕು?

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಪಿಂಪ್ರಿಲಿ ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ವರ್ಷ, ಬಾಯ್ಲರ್ ಇಲ್ಲಾ ಪವರ್ ಪ್ಲಾಂಟ್ ಆಪರೇಷನ್‌ಗೆ ಹೋಗೋ ಆಸೆ, ಯಾವ್ದೋ ಪ್ರೈವೇಟ್ ಇನ್‌ಸ್ಟಿಟ್ಯೂಟ್‌ನವ್ರು ಆರು ತಿಂಗಳ ಕೋರ್ಸ್‌ಗೆ 90 ಸಾವಿರ ಕೇಳ್ತಿದಾರೆ, ಊರಲ್ಲಿ ಅಪ್ಪ ಹೊಲದ ಮೇಲೆ ಸಾಲ ತೆಗೆದು ಕೊಡ್ತೀನಿ ಅಂತಿದಾರೆ, ಸೇರ್ಲಾ ಬೇಡ್ವಾ ಅಂತ ಕೇಳಿದೀಯ. ಹೊಲದ ಮಾತು ಓದಿದ್ಮೇಲೆ ಸುಮ್ನೆ ಇರೋಕಾಗ್ಲಿಲ್ಲ. ಈಗ್ಲೇ ದುಡ್ಡು ಕಟ್ಬೇಡ, ಮೊದ್ಲು ಇದನ್ನ ಪೂರ್ತಿ ಓದು.

ನಾನು ರಾಯಚೂರು ಕಡೆಯವನು, ಶಕ್ತಿನಗರದ ಥರ್ಮಲ್ ಚಿಮಣಿ ನೋಡ್ತಾ ಬೆಳೆದವನು. ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಭೋಸರಿಲಿ ತಾಸಿಗೆ ಮೂರು ಟನ್ ಸ್ಟೀಮ್ ಕೊಡೋ ಸಣ್ಣ ಬಾಯ್ಲರ್ ಇಂದ ಶುರು ಮಾಡ್ದೆ, ಆಮೇಲೆ ಸಾತಾರಾ ಕಡೆ ಸಕ್ಕರೆ ಕಾರ್ಖಾನೆಯ ಸ್ಟೀಮೂ ಕರೆಂಟೂ ಒಟ್ಟಿಗೆ ಮಾಡೋ ಕೋಜೆನ್‌ನಲ್ಲಿ ಏಳು ಸೀಸನ್ ಮಾಡ್ದೆ, ಮಧ್ಯೆ ಪರೀಕ್ಷೆ ಬರೆದು ಬಿಓಇ ಅಂದ್ರೆ ಬಾಯ್ಲರ್ ಆಪರೇಷನ್ ಎಂಜಿನಿಯರ್ ಸರ್ಟಿಫಿಕೇಟ್ ತಗೊಂಡೆ, ಈಗ ಒಂದು ಕೆಮಿಕಲ್ ಪ್ಲಾಂಟ್‌ನಲ್ಲಿ ಬಾಯ್ಲರ್ ಹೌಸ್ ನನ್ನ ಜವಾಬ್ದಾರಿ.

ಇದನ್ನ ಕಾಲೇಜ್‌ನಲ್ಲಿ ಯಾರೂ ಸರಿಯಾಗಿ ಹೇಳಲ್ಲ, ಕೇಳು. ಕಾರ್ ಮಾರೋ ಅಂಗಡಿಯವನು ಕೊಟ್ಟ ಕಾಗದದಿಂದ ಡ್ರೈವಿಂಗ್ ಲೈಸೆನ್ಸ್ ಬರಲ್ಲ ಅಲ್ವಾ, ಹಂಗೇ ಬಾಯ್ಲರ್ ಚಾರ್ಜ್ ತಗೋಬೇಕಂದ್ರೆ ಸರ್ಕಾರದ ಪರೀಕ್ಷೆ ಪಾಸಾಗಿರೋ ಸರ್ಟಿಫಿಕೇಟ್ ಬೇಕು. ಸೆಕೆಂಡ್ ಕ್ಲಾಸ್ ಅಟೆಂಡೆಂಟ್, ಫಸ್ಟ್ ಕ್ಲಾಸ್ ಅಟೆಂಡೆಂಟ್, ಅದರ ಮೇಲೆ ಬಿಓಇ, ಹಿಂಗೆ ಮೂರು ಮೆಟ್ಲು. ಬಾಯ್ಲರ್ ದೊಡ್ಡದಾದಷ್ಟೂ ಮೇಲಿನ ಸರ್ಟಿಫಿಕೇಟ್ ಕೇಳ್ತಾರೆ, ಆ ದೊಡ್ಡದು ಚಿಕ್ಕದು ಅನ್ನೋದನ್ನ ಹೀಟಿಂಗ್ ಸರ್ಫೇಸ್ ಮೇಲೆ, ಅಂದ್ರೆ ಬೆಂಕಿ ಶಾಖ ತಾಗೋ ಲೋಹದ ವಿಸ್ತೀರ್ಣದ ಮೇಲೆ ಲೆಕ್ಕ ಹಾಕ್ತಾರೆ. ಅಟೆಂಡೆಂಟ್‌ಗೂ ಬಿಓಇಗೂ ಕೇಂದ್ರದ ನಿಯಮ 2011ರಲ್ಲಿ ಬಂದಿದ್ದು. 1923ರ ಹಳೇ ಬಾಯ್ಲರ್ ಕಾಯ್ದೆ ತೆಗೆದು 2025ರಲ್ಲಿ ಹೊಸ ಕಾಯ್ದೆ ತಂದಿದಾರೆ, ಅದಕ್ಕೆ ಹಳೇ ಗೈಡ್ ಓದಿ ಪರೀಕ್ಷೆಗೆ ಕೂತ್ಕೋಬೇಡ. ಮಹಾರಾಷ್ಟ್ರದಲ್ಲಿ ಇದನ್ನೆಲ್ಲ ನೋಡ್ಕೊಳ್ಳೋದು ಸ್ಟೀಮ್ ಬಾಯ್ಲರ್ಸ್ ಡೈರೆಕ್ಟರೇಟ್.

ಈ ಪರೀಕ್ಷೆಗಳಿಗೆ ಕೂರೋಕೆ ಓದಿನ ಜೊತೆ ಅನುಭವ ಬೇಕು. ಬಿಓಇಗೆ ಡಿಗ್ರಿ ಆದವ್ರಿಗೆ ಕಮ್ಮಿ ವರ್ಷ, ಡಿಪ್ಲೊಮಾದವ್ರಿಗೆ ಜಾಸ್ತಿ ವರ್ಷ. ಆರು ತಿಂಗಳ ಕ್ಲಾಸ್ ರೂಮ್ ಕೋರ್ಸ್ ಈ ಅನುಭವದ ಜಾಗಕ್ಕೆ ಬರಲ್ಲ. ನಿನ್ನ 90 ಸಾವಿರದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಆಯ್ತು.

ಅನುಭವದ ಪತ್ರದ ವಿಷ್ಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಾನು ಇಲ್ಲೇ ಪೆಟ್ಟು ತಿಂದಿದ್ದು. ನನ್ನ ಮೊದಲ್ನೇ ಕಂಪನಿ ಬಿಟ್ಟಾಗ ಕೊಟ್ಟ ಲೆಟರ್‌ನಲ್ಲಿ "ಯುಟಿಲಿಟಿ ವಿಭಾಗದಲ್ಲಿ ಆಪರೇಟರ್ ಆಗಿ ಕೆಲಸ ಮಾಡಿದ್ದಾರೆ" ಅಂತ ಒಂದೇ ಸಾಲು. ಬಾಯ್ಲರ್ ರಿಜಿಸ್ಟ್ರೇಷನ್ ನಂಬರ್ ಇಲ್ಲ, ಹೀಟಿಂಗ್ ಸರ್ಫೇಸ್ ಇಲ್ಲ, ಯಾವ ತಾರೀಕಿಂದ ಯಾವ ತಾರೀಕಿನ ತನಕ ಅನ್ನೋದೂ ಸರಿಯಾಗಿಲ್ಲ. ಅದನ್ನಿಟ್ಕೊಂಡು ಪರೀಕ್ಷೆಗೆ ಅರ್ಜಿ ಹಾಕ್ದೆ, ವಾಪಸ್ ಬಂತು. ಸರಿ ಮಾಡ್ಸೋಕೆ ಹೋದ್ರೆ ಎಚ್ಆರ್‌ನಲ್ಲಿ ಇದ್ದವ್ರು ಬದಲಾಗಿದ್ರು, ಹೊಸಬ್ರು ನಂಗೊತ್ತಿಲ್ಲ ಅಂದ್ರು, ಅಲ್ದಾಡಿ ಅಲ್ದಾಡಿ ಒಂದು ವರ್ಷ ಪೂರ್ತಿ ಹೋಯ್ತು. ಅದಕ್ಕೆ ಹೇಳ್ತೀನಿ, ಎಲ್ಲೇ ಸೇರು, ಮೊದಲ್ನೇ ವಾರದಲ್ಲೇ ಬಾಯ್ಲರ್ ಮೇಲೆ ಹೊಡೆದಿರೋ ನಂಬರ್ ಬರ್ಕೋ (ಇಲ್ಲಿ ಎಂಆರ್ ಅಂತ ಶುರುವಾಗುತ್ತೆ), ಗೋಡೆಗೆ ತೂಗು ಹಾಕಿರೋ ಸರ್ಟಿಫಿಕೇಟ್‌ನಿಂದ ಹೀಟಿಂಗ್ ಸರ್ಫೇಸ್, ವರ್ಕಿಂಗ್ ಪ್ರೆಶರ್ ಬರ್ಕೋ, ಬಿಡೋ ದಿನ ಇವೆಲ್ಲ ಲೆಟರ್‌ನಲ್ಲಿ ಇದ್ರೇನೇ ಗೇಟ್ ದಾಟು.

ಈಗ ಓದೋದು ಎಲ್ಲಿ. ನಿಂಗೆ ಮೊದ್ಲು ಬೇಕಾಗಿರೋದು ಡಿಪ್ಲೊಮಾ ಅಪ್ರೆಂಟಿಸ್‌ಶಿಪ್. ಒಂದು ವರ್ಷ, ಸ್ಟೈಪೆಂಡ್ ಸಿಗುತ್ತೆ, ನಮ್ಮ ಕಡೆಗೆ ಮುಂಬೈನ ಬೋರ್ಡ್ ಆಫ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ನೋಡ್ಕೊಳುತ್ತೆ. ಅಪ್ಪನ ದುಡ್ಡು ಒಂದು ಪೈಸೆ ಬೇಡ. ಬಾಯ್ಲರ್ ಇರೋ ಕಂಪನಿನೇ ಹುಡುಕು, ಕುರ್ಕುಂಭ್‌ನಲ್ಲಿ ಕೆಮಿಕಲ್ ಪ್ಲಾಂಟ್‌ಗಳಿವೆ, ರಾಂಜಣಗಾವ್ ಎಂಐಡಿಸಿ ಅಂದ್ರೆ ಸರ್ಕಾರಿ ಕೈಗಾರಿಕಾ ಪ್ರದೇಶ ಇದೆ, ಗೋವಾಗೆ ಹೋಗೋಕೆ ರೆಡಿ ಇದ್ರೆ ವೆರ್ಣಾದಲ್ಲಿ ಫಾರ್ಮಾ ಕಂಪನಿಗಳಿವೆ. ಚಿಂಚ್‌ವಡ್‌ನ ಥರ್ಮ್ಯಾಕ್ಸ್, ಕಾಸರ್‌ವಾಡಿಯ ಫೋರ್ಬ್ಸ್ ಮಾರ್ಷಲ್, ಇಂಥ ಬಾಯ್ಲರ್, ಸ್ಟೀಮ್ ಸಾಮಾನು ಮಾಡೋ ಕಂಪನಿಗಳು ನಿನ್ನ ಮನೆ ಹತ್ರಾನೇ ಇವೆ, ಅಲ್ಲೂ ಪ್ರಯತ್ನ ಮಾಡು.

ಸೀರಿಯಸ್ಸಾಗಿ ಪವರ್ ಪ್ಲಾಂಟ್ ಕಡೆಗೇ ಹೋಗ್ಬೇಕು ಅಂದ್ರೆ ಕೇಂದ್ರ ವಿದ್ಯುತ್ ಸಚಿವಾಲಯದ ನ್ಯಾಷನಲ್ ಪವರ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ನೋಡು, ಹೆಡ್ ಆಫೀಸ್ ಫರೀದಾಬಾದ್, ಇಲ್ಲಿಂದ ಹೋಗೋಕೆ ನಾಗ್ಪುರದ್ದು, ನಮ್ಮ ಬೆಂಗಳೂರಲ್ಲೂ ಒಂದು ಕೇಂದ್ರ ಇದೆ. ಥರ್ಮಲ್ ಪ್ಲಾಂಟ್ ಬಗ್ಗೆ ಒಂದು ವರ್ಷದ ಕೋರ್ಸ್ ಅವ್ರು ನಡೆಸ್ಕೊಂಡು ಬಂದಿದಾರೆ, ಸಿಮ್ಯುಲೇಟರ್ ಮೇಲೆ ಕೂರಿಸಿ ಕಲಿಸ್ತಾರೆ. ಥರ್ಮಲ್ ಸ್ಟೇಷನ್ ನಡೆಸೋ ಎಂಜಿನಿಯರ್‌ಗಳಿಗೆ ಟ್ರೈನಿಂಗ್ ಆಗಿರ್ಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಲ್ಲೇ ಇದೆ. ದುಡ್ಡು ಖರ್ಚು ಮಾಡೋದೇ ಆದ್ರೆ ಇಂಥ ಕಡೆ ಮಾಡು. ನಮ್ಮ ಭೋಸರಿ ಬಾಯ್ಲರ್ ತಾಸಿಗೆ ಮೂರು ಟನ್ ಸ್ಟೀಮ್ ಕೊಡ್ತಿತ್ತು, ರಾಯಚೂರಿನ 210 ಮೆಗಾವ್ಯಾಟ್ ಯೂನಿಟ್ ಥರದ್ದು ತಾಸಿಗೆ ಹೆಚ್ಚುಕಮ್ಮಿ 700 ಟನ್, ಅದೂ 540 ಡಿಗ್ರಿ ಆಸುಪಾಸಿನ ಸ್ಟೀಮ್. ಅಂಥದ್ರ ಮೇಲೆ ಯಾರೂ ಹೊಸಬನ ಕೈ ಇಡಿಸಿ ಕಲಿಸಲ್ಲ.

ಸಕ್ಕರೆ ಕಾರ್ಖಾನೆನ ಮಾತ್ರ ಕೀಳಾಗಿ ನೋಡ್ಬೇಡ. ಸೀಸನ್ ಕೆಲಸ ಅಂತ ಹುಡುಗ್ರು ಮೂಗು ಮುರಿತಾರೆ, ನಂಗೆ ನಿಜವಾಗ್ಲೂ ಬೆಂಕಿ ಅಂದ್ರೇನು ಅಂತ ಕಲಿಸಿದ್ದು ಅದೇ. ಉರಿಸೋದು ಬಗಾಸ್, ಅಂದ್ರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಅದರ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತೆ, ಮಳೆ ಬಂದ ದಿನ ಇನ್ನೂ ಜಾಸ್ತಿ, ಪ್ರೆಶರ್ ಇಳಿತಾ ಹೋಗುತ್ತೆ, ಆ ಕಡೆ ಮಿಲ್‌ನವ್ರು ಸ್ಟೀಮ್ ಸ್ಟೀಮ್ ಅಂತ ಫೋನ್ ಮಾಡ್ತಿರ್ತಾರೆ, ಈ ಕಡೆ ಟರ್ಬೈನ್ ಗ್ರಿಡ್‌ಗೆ ಕರೆಂಟ್ ಕೊಡ್ತಿರುತ್ತೆ, ಮಧ್ಯೆ ನೀನು. ಬಾಯ್ಲರ್, ಟರ್ಬೈನ್, ನೀರಿನ ಟ್ರೀಟ್‌ಮೆಂಟ್ ಮೂರೂ ಒಂದೇ ಕಾಂಪೌಂಡ್‌ನಲ್ಲಿ ನೋಡೋಕೆ ಸಿಗುತ್ತೆ. ಆಫ್ ಸೀಸನ್‌ನಲ್ಲಿ ಬಾಯ್ಲರ್‌ನ ನೀರು, ಸ್ಟೀಮ್ ತುಂಬಿರೋ ಡ್ರಮ್ ಬಿಚ್ಚಿದಾಗ ಒಳಗೆ ಇಳಿದು ನೋಡು, ಯಾವ ಸಿಲಬಸ್‌ನಲ್ಲೂ ಅದು ಸಿಗಲ್ಲ. ಇಲ್ಲೇ ಮಾಂಜರಿಲಿ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇದೆ, ಸಕ್ಕರೆ ಲೈನ್ ಹಿಡಿಸಿದ್ರೆ ಅಲ್ಲಿ ವಿಚಾರಿಸು.

ಕಾಲೇಜ್‌ನಲ್ಲಿ ಇರೋ ಈ ಕೆಲವು ತಿಂಗಳಲ್ಲಿ ಥರ್ಮೋಡೈನಮಿಕ್ಸ್ ಬಾಯಿಪಾಠ ಮಾಡಿ ಬಿಡ್ಬೇಡ, ಸ್ಟೀಮ್ ಟೇಬಲ್, ಅಂದ್ರೆ ಯಾವ ಪ್ರೆಶರ್‌ಗೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅಂತೆಲ್ಲ ಇರೋ ಪಟ್ಟಿ, ಅರ್ಥ ಮಾಡ್ಕೊಂಡು ಓದು. ಗೇಜ್ ತೋರಿಸೋ 10 ಕೆಜಿ ಪ್ರೆಶರ್‌ನಲ್ಲಿ ನೀರು ಕುದಿಯೋದು 184 ಡಿಗ್ರಿ ಹತ್ರ, ನೂರಕ್ಕಲ್ಲ. ಒಂದು ಲೀಟರ್ ನೀರು ಮಾಮೂಲಿ ಗಾಳಿ ಒತ್ತಡದಲ್ಲಿ ಸ್ಟೀಮ್ ಆದ್ರೆ 1600 ಲೀಟರ್‌ಗೂ ಜಾಸ್ತಿ ಜಾಗ ಬೇಡುತ್ತೆ. ಈ ಎರಡು ನಂಬರ್ ತಲೇಲಿ ಇಟ್ಕೊಂಡು ಮುಂದಿಂದು ಓದು.

ನಾನು ಸೇರಿ ಮೂರ್ನೇ ತಿಂಗಳು, ನೈಟ್ ಶಿಫ್ಟ್. ನಮ್ಮ ಜೊತೆ ಸೋಲಾಪುರ ಕಡೆಯ ಒಬ್ರು ಕಾಕಾ ಇದ್ರು, ಸೆಕೆಂಡ್ ಕ್ಲಾಸ್ ಅಟೆಂಡೆಂಟ್, ಏಳ್ನೇ ಕ್ಲಾಸ್ ತನಕ ಓದಿದವ್ರು, ಕನ್ನಡ ಮರಾಠಿ ಎರಡೂ ಮಾತಾಡೋರು. ಬಾಯ್ಲರ್ ಒಳಗಿನ ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸ್‌ನಲ್ಲಿ ನೀರು ಅರ್ಧಕ್ಕೆ ಸರಿಯಾಗಿ ನಿಂತಿತ್ತು, ನಾನು ಲಾಗ್ ಬುಕ್‌ನಲ್ಲಿ ನಾರ್ಮಲ್ ಅಂತ ಬರೆದೆ. ಕಾಕಾ ಬಂದು ನೋಡಿ, "ಇದು ಯಾಕೋ ಅಲುಗಾಡ್ತಾನೇ ಇಲ್ಲಲ್ಲೋ" ಅಂದ್ರು. ಗ್ಲಾಸಿನ ನೀರು ಹೊರಗೆ ಬಿಡೋ ಡ್ರೈನ್ ಕಾಕ್ ತೆಗೆದು ಮುಚ್ಚಿದ್ರು. ಸರಿ ಇದ್ರೆ ನೀರು ಝಪ್ ಅಂತ ಮೇಲೆ ಬರ್ಬೇಕು, ಅವತ್ತು ಬರಲೇ ಇಲ್ಲ. ಕಾಕಾ ಒಂದು ಮಾತೂ ಆಡ್ದೆ ಬರ್ನರ್ ಬಂದ್ ಮಾಡಿದ್ರು. ನಾನು ಗಾಬರಿಲಿ ಬಾಯ್ಲರ್‌ಗೆ ನೀರು ತುಂಬೋ ಫೀಡ್ ಪಂಪ್ ಸ್ವಿಚ್ ಕಡೆ ಓಡ್ದೆ, ನನ್ನ ಕೈ ಹಿಡಿದು ಜಗ್ಗಿದ್ರು. ಟ್ಯೂಬ್ ನೀರಿಲ್ಲದೆ ಕೆಂಪಗೆ ಕಾದಿದ್ರೆ ಆ ಹೊತ್ತಲ್ಲಿ ತಣ್ಣೀರು ಬಿಟ್ರೆ ಅದು ಒಮ್ಮೆಲೇ ಸ್ಟೀಮ್ ಆಗಿ ಬಾಯ್ಲರೇ ಸಿಡಿಬಹುದು ಅಂತ ಆಮೇಲೆ ಕೂರಿಸ್ಕೊಂಡು ಹೇಳಿದ್ರು. ಬಾಯ್ಲರ್ ಆರಿದ ಮೇಲೆ ಬಿಚ್ಚಿ ನೋಡಿದ್ರೆ ಗ್ಲಾಸಿನ ಕೆಳಗಿನ ದಾರಿ ಪೂರ್ತಿ ಸ್ಕೇಲ್, ಅಂದ್ರೆ ನೀರಿನ ಉಪ್ಪಿನ ಗಟ್ಟಿ ಪದರ, ಕಟ್ಕೊಂಡು ಮುಚ್ಚಿತ್ತು. ನಾನು ನಾರ್ಮಲ್ ಅಂತ ಬರೆದಿದ್ದ ನೀರು ಗ್ಲಾಸ್ ಒಳಗೆ ಸಿಕ್ಕಾಕೊಂಡಿದ್ದ ಹಳೇ ನೀರು.

ವರ್ಷಗಳಾದ್ಮೇಲೆ ಸರ್ಟಿಫಿಕೇಟ್ ಪರೀಕ್ಷೆಯ ವೈವಾದಲ್ಲಿ, ಅಂದ್ರೆ ಬಾಯಿ ಪರೀಕ್ಷೆಲಿ, ನನಗೆ ಕೇಳಿದ ಮೊದಲ್ನೇ ಪ್ರಶ್ನೆನೂ ಇದೇ, ಗ್ಲಾಸ್‌ನಲ್ಲಿ ನೀರು ಕಾಣ್ತಿಲ್ಲ, ಏನ್ ಮಾಡ್ತೀರಿ. ಬರ್ನರ್ ಇದ್ರೆ ಬೆಂಕಿ ತಕ್ಷಣ ಆರುತ್ತೆ, ಬಗಾಸ್ ಕಲ್ಲಿದ್ದಲು ಇದ್ರೆ ಗ್ರೇಟ್, ಅಂದ್ರೆ ಒಲೆಯ ಕಬ್ಬಿಣದ ಜಾಲರಿ, ಅದರ ಮೇಲಿನ ಬೆಂಕಿ ಇನ್ನೂ ಉರಿತಿರುತ್ತೆ, ಆಗೇನ್ ಮಾಡ್ತೀರಿ ಅಂತ ಮುಂದಕ್ಕೆ ಕೇಳ್ಕೊಂಡು ಹೋದ್ರು. ನಾನು ಕಾಕಾ ಹೇಳಿದ್ದನ್ನೇ ಹೇಳ್ದೆ. ಅಂದಹಾಗೆ ಮರಾಠಿ ಕಲ್ತ್ಕೋ ತಮ್ಮಾ, ಇಲ್ಲಿ ಬಾಯ್ಲರ್ ಹೌಸ್‌ನಲ್ಲಿ ಎಂಥ ಹಿರಿಯರೂ ಅವ್ರ ಭಾಷೆಲಿ ಕೇಳಿದ್ರೆ ಬಿಚ್ಚಿ ಹೇಳ್ಕೊಡ್ತಾರೆ.

ಆ ಇನ್‌ಸ್ಟಿಟ್ಯೂಟ್‌ನವ್ರ ಹತ್ರ ಹೋಗಿ ಇಷ್ಟು ಕೇಳು: ನಿಮ್ಮ ಕೋರ್ಸ್‌ನ ಬಾಯ್ಲರ್ ಡೈರೆಕ್ಟರೇಟ್ ಅನುಭವ ಅಂತ ಲೆಕ್ಕಕ್ಕೆ ತಗೊಳುತ್ತಾ, ತಗೊಂಡ್ರೆ ಯಾವ ನಿಯಮದಲ್ಲಿ, ನಿಮ್ಮ ಹತ್ರ ರಿಜಿಸ್ಟರ್ ಆಗಿರೋ ಚಾಲೂ ಬಾಯ್ಲರ್ ಇದ್ಯಾ, ಇದ್ರೆ ನಂಬರ್ ಕೊಡಿ. ಬಾಯಲ್ಲಿ ಹೇಳಿದ್ದು ಬೇಡ, ಬರೆದು ಕೊಡಿ ಅನ್ನು. ಏನಂದ್ರು ಅಂತ ಇಲ್ಲೇ ಕೆಳಗೆ ಹಾಕು, ನಾನು ನೋಡಿ ಹೇಳ್ತೀನಿ. ಅಪ್ಪನಿಗೆ ಇವತ್ತೇ ಫೋನ್ ಮಾಡಿ, ಪಹಣಿ ತಗೊಂಡು ಬ್ಯಾಂಕಿಗೆ ಈಗ್ಲೇ ಹೋಗ್ಬೇಡಿ ಅಂತ ಹೇಳು.